ಓಡಲು ಒಂದು ಮೈಲಿ, ನಿಲ್ಲಲು ಎರಡು ಮೈಲಿ

ಹೋದ ತಿಂಗಳು ಬೈಪಾಸ್ ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದಾಗ ಪಿಯುಸಿ ಓದುವ ಹುಡುಗನೊಬ್ಬ ನಮ್ಮ ಮುಂದೆ ಫೋನ್ ಹಿಡಿದ. "ಅಣ್ಣಾ, ಇದು ನಿಜಾನಾ, ಇಲ್ಲಾ ಎಡಿಟಿಂಗಾ? ಪೇಪರ್‌ನೋರು ನೀವು, ಹೇಳಿ" ಎಂದ. ಫೋನಿನಲ್ಲಿ ಒಂದು ಕಾರು ನಿಂತ ಜಾಗದಿಂದ ಹೊರಟು ಒಂದೇ ಮೈಲಿಯೊಳಗೆ ಗಂಟೆಗೆ 483 ಕಿ.ಮೀ. ವೇಗ ಮುಟ್ಟುತ್ತಿತ್ತು. ಕೊನೆಯ ಗೆರೆ ದಾಟಿದ ಕೂಡಲೇ ವಿಡಿಯೋ ಮುಗಿದುಹೋಯಿತು.

ನಿಜ ಎಂದೆವು. ಅವನು ಬಿಡಲಿಲ್ಲ. "ಡ್ರೈವರ್‌ಗೆ ಅಲ್ಲೇನಣ್ಣ ಕೆಲಸ? ಆಕ್ಸಿಲರೇಟರ್ ತುಳಿದು ಕೂತ್ರೆ ಆಯ್ತಲ್ವಾ?"

ಆ ಪ್ರಶ್ನೆಗೆ ನಮ್ಮ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನಮ್ಮಂಥ ಜಿಲ್ಲಾ ವರದಿಗಾರರು ಬೈಪಾಸ್ ಅಪಘಾತದ ಸುದ್ದಿಗಳನ್ನು ಲೆಕ್ಕವಿಲ್ಲದಷ್ಟು ಬರೆದಿದ್ದೇವೆ. "ಅತಿವೇಗವೇ ಕಾರಣ ಎನ್ನಲಾಗಿದೆ" ಎಂಬ ಒಂದು ಸಾಲಿನಲ್ಲಿ ಸುದ್ದಿ ಮುಗಿಸುತ್ತೇವೆ. ಆದರೆ ವೇಗ ಎಂದರೆ ಏನು, ಅದನ್ನೇ ಕಸುಬು ಮಾಡಿಕೊಂಡವರು ಅದನ್ನು ಹೇಗೆ ಕಲಿತರು ಎಂದು ನಾವೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡು ಓದುತ್ತಾ ಹೋದಾಗ ಸಿಕ್ಕಿದ್ದು ಈ ಕಥೆ. ಸುಮಾರು 120 ವರ್ಷಗಳ ಕಥೆ ಇದು. ಇದರಲ್ಲಿ ಓಡುವುದಕ್ಕಿಂತ ನಿಲ್ಲುವುದರ ಮಾತೇ ಹೆಚ್ಚು.

ಮೈಲಿ ಎಂದರೆ ಎಷ್ಟು?

ನಮ್ಮ ಅಜ್ಜಂದಿರು ದೂರ ಹೇಳುತ್ತಿದ್ದದ್ದೇ ಮೈಲಿ, ಫರ್ಲಾಂಗ್ ಲೆಕ್ಕದಲ್ಲಿ. ಕಿಲೋಮೀಟರ್ ಬಂದು ಅರವತ್ತು ವರ್ಷ ಕಳೆದರೂ ರಸ್ತೆ ಬದಿಯ ಕಲ್ಲನ್ನು ನಾವು ಇಂದಿಗೂ ಮೈಲಿಗಲ್ಲು ಎಂದೇ ಕರೆಯುತ್ತೇವೆ. ಎಂಟು ಫರ್ಲಾಂಗ್ ಸೇರಿದರೆ ಒಂದು ಮೈಲಿ, ಅಂದರೆ 1,609 ಮೀಟರ್.

ಕಾರಿನ ವೇಗವನ್ನು ಮೈಲಿಯಲ್ಲಿ ಅಳೆಯಲು ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ ಕಾರು ದೂರದಿಂದಲೇ ಓಡಿ ಬಂದು, ಪೂರ್ತಿ ವೇಗದಲ್ಲಿ ಒಂದು ಮೈಲಿ ದಾಟುತ್ತದೆ. ಆ ಮೈಲಿಗೆ ಹಿಡಿದ ಸಮಯದಿಂದ ವೇಗ ಲೆಕ್ಕ ಹಾಕುತ್ತಾರೆ. ಹಳೆಯ ವಿಶ್ವದಾಖಲೆಗಳೆಲ್ಲ ಹೆಚ್ಚಾಗಿ ಈ ಬಗೆಯವು. ಎರಡನೆಯದು ಆ ಹುಡುಗನ ಫೋನಿನಲ್ಲಿ ಇದ್ದದ್ದು, ಸ್ಟ್ಯಾಂಡಿಂಗ್ ಮೈಲ್. ಕಾರು ನಿಂತಲ್ಲಿಂದ ಹೊರಡಬೇಕು. ಒಂದು ಮೈಲಿ ಮುಗಿಯುವಾಗ ವೇಗ ಎಷ್ಟಿದೆ ಎಂಬುದೇ ಫಲಿತಾಂಶ.

ಮಂಜುಗಡ್ಡೆ, ಮರಳು, ಉಪ್ಪು

1904ರ ಜನವರಿ 12. ಅಮೆರಿಕದ ಮಿಷಿಗನ್ ಬಳಿಯ ಸೇಂಟ್ ಕ್ಲೇರ್ ಸರೋವರ ಚಳಿಗೆ ಹೆಪ್ಪುಗಟ್ಟಿತ್ತು. ಹೆನ್ರಿ ಫೋರ್ಡ್ ತನ್ನ ಕಂಪನಿ ಶುರು ಮಾಡಿ ಆಗ ಒಂದು ವರ್ಷವೂ ಆಗಿರಲಿಲ್ಲ. ಕಾರು ಮಾರಬೇಕಾದರೆ ಹೆಸರಾಗಬೇಕು, ಹೆಸರಾಗಬೇಕಾದರೆ ದಾಖಲೆ ಬೇಕು ಎಂಬುದು ಅವರ ಲೆಕ್ಕ. ಅಂಥ ವೇಗಕ್ಕೆ ತಕ್ಕ ರಸ್ತೆ ಇಲ್ಲದ್ದರಿಂದ ಮಂಜುಗಡ್ಡೆಯನ್ನೇ ರಸ್ತೆ ಮಾಡಿಕೊಂಡರು. ಚಕ್ರ ಜಾರದಿರಲೆಂದು ಅದರ ಮೇಲೆ ಇದ್ದಿಲ ಬೂದಿ ಚೆಲ್ಲಿಸಿದರು.

ಫೋರ್ಡ್ ಸ್ಟೇರಿಂಗ್ ಹಿಡಿದರು. ಸ್ಪೈಡರ್ ಹಫ್ ಎಂಬ ಮೆಕ್ಯಾನಿಕ್ ಪಕ್ಕದಲ್ಲಿ ಮುದುರಿ ಕೂತು ಎಂಜಿನ್ನಿನ ಥ್ರಾಟಲ್ ನೋಡಿಕೊಂಡ. ಗಡ್ಡೆಯ ತುಂಬ ಬಿರುಕುಗಳಿದ್ದವು. ಪ್ರತಿ ಬಿರುಕಿಗೂ ಕಾರು ನೆಗೆಯಿತು, ನೆಗೆಯದಿದ್ದಾಗ ಜಾರಿತು ಎಂದು ಫೋರ್ಡ್ ಅವರೇ ಮುಂದೆ ಬರೆದುಕೊಂಡಿದ್ದಾರೆ. ಒಂದು ಮೈಲಿಯನ್ನು 39.4 ಸೆಕೆಂಡಿನಲ್ಲಿ ದಾಟಿದರು. ವೇಗ ಗಂಟೆಗೆ 147 ಕಿ.ಮೀ. ಇಂದು ನಮ್ಮ ಹೆದ್ದಾರಿಯಲ್ಲಿ ಮಾಮೂಲಿ ಕಾರೂ ಮುಟ್ಟಬಲ್ಲ ವೇಗ ಅದು. ಅಂದು ಅದು ಜೀವದ ಜೊತೆ ಆಟ.

ಮಂಜುಗಡ್ಡೆ ಆದಮೇಲೆ ಮರಳಿನ ಸರದಿ. ಫ್ಲಾರಿಡಾದ ಡೇಟೋನಾ, ಒರ್ಮಂಡ್ ಕಡಲತೀರದಲ್ಲಿ ನೀರು ಇಳಿದಾಗ ಮರಳು ಗಟ್ಟಿಯಾಗಿ, ಹಾಸುಗಲ್ಲಿನಂತೆ ಆಗುತ್ತದೆ. 1906ರಲ್ಲಿ ಫ್ರೆಡ್ ಮ್ಯಾರಿಯಟ್ ಅಲ್ಲಿ ಉಗಿಯಿಂದ ಓಡುವ ಕಾರಿನಲ್ಲಿ ಗಂಟೆಗೆ 205 ಕಿ.ಮೀ. ಮುಟ್ಟಿದರು. ಮರುವರ್ಷ ಅದಕ್ಕಿಂತ ಜೋರಾಗಿ ಹೋಗಲು ನೋಡಿದಾಗ, ಅಲೆಗಳು ಮರಳಿನಲ್ಲಿ ಬಿಟ್ಟುಹೋಗಿದ್ದ ಸಣ್ಣ ಏರಿಳಿತಕ್ಕೆ ಸಿಕ್ಕ ಕಾರು ಗಾಳಿಗೆದ್ದು ಚೂರುಚೂರಾಯಿತು. ಮ್ಯಾರಿಯಟ್ ಬದುಕಿದ್ದೇ ಪುಣ್ಯ. ಎತ್ತಿನಗಾಡಿ ಗಮನಿಸದೆ ದಾಟುವ ಉಬ್ಬು, ಆ ವೇಗಕ್ಕೆ ಕಾರನ್ನೇ ಹಾರಿಸುವ ದಿಣ್ಣೆಯಾಗಿತ್ತು.

1927ರ ಮಾರ್ಚ್‌ನಲ್ಲಿ ಹೆನ್ರಿ ಸೀಗ್ರೇವ್ ಅದೇ ಡೇಟೋನಾದಲ್ಲಿ ಗಂಟೆಗೆ 328 ಕಿ.ಮೀ. ಓಡಿಸಿ, 200 ಮೈಲಿ ವೇಗ ದಾಟಿದ ಮೊದಲಿಗರಾದರು. ಗೆರೆ ದಾಟಿದ ಮೇಲೆ ಬ್ರೇಕ್ ಸಾಲಲಿಲ್ಲ. ಕಾರನ್ನು ಕಡಲಂಚಿನ ತೆಳುನೀರಿಗೆ ಇಳಿಸಿ ವೇಗ ತಗ್ಗಿಸಿಕೊಂಡರು. ಕಾರಿಗಿಂತ ಚಾಲಕನ ಸಮಯಪ್ರಜ್ಞೆ ಅಲ್ಲಿ ಕೆಲಸ ಮಾಡಿತು.

1935ರ ಹೊತ್ತಿಗೆ ಆ ತೀರವೂ ಸಾಲದಾಯಿತು. ಮಾಲ್ಕಂ ಕ್ಯಾಂಪ್‌ಬೆಲ್ ಆ ವರ್ಷ ಮಾರ್ಚ್‌ನಲ್ಲಿ ಡೇಟೋನಾದಲ್ಲಿ 445 ಕಿ.ಮೀ. ಮುಟ್ಟಿದರೂ 300 ಮೈಲಿ ವೇಗದ ಆಸೆ ಈಡೇರಲಿಲ್ಲ. ಯೂಟಾ ರಾಜ್ಯದ ಬಾನ್‌ವಿಲ್ ಎಂಬಲ್ಲಿ ಕಣ್ಣು ಹಾಯಿಸಿದಷ್ಟು ದೂರ ಸಪಾಟಾದ ಉಪ್ಪಿನ ಬಯಲಿದೆ. ಮರವಿಲ್ಲ, ಹಳ್ಳವಿಲ್ಲ, ಮನೆಯಿಲ್ಲ. ಅಲ್ಲಿಗೆ ಹೋಗಿ ಸೆಪ್ಟೆಂಬರ್ 3ರಂದು ಗಂಟೆಗೆ 484 ಕಿ.ಮೀ. ಮುಟ್ಟಿದರು. ಕಾರಿನಲ್ಲಿದ್ದದ್ದು ರೇಸ್ ವಿಮಾನದ ರೋಲ್ಸ್ ರಾಯ್ಸ್ ಎಂಜಿನ್. ಆ ವೇಗಕ್ಕೆ ಏರಲು ಅವರಿಗೆ ಮೈಲಿಗಟ್ಟಲೆ ಜಾಗ ಬೇಕಾಯಿತು. ಈ 484 ಎಂಬ ಅಂಕಿ ನೆನಪಿರಲಿ, ಮತ್ತೆ ಬರುತ್ತದೆ.

ಮರಗಳ ನಡುವಿನ ಒಂದು ಸಂದು

ಎಲ್ಲರೂ ಬಯಲು ಹುಡುಕಿಕೊಂಡು ಹೋಗುವಾಗ ಜರ್ಮನಿಯವರು ಹೆದ್ದಾರಿಯನ್ನೇ ಬಳಸಿಕೊಂಡರು. ಫ್ರಾಂಕ್‌ಫರ್ಟ್ ಮತ್ತು ಡಾರ್ಮ್‌ಸ್ಟಾಟ್ ನಡುವಿನ ಹೊಸ ರಸ್ತೆ ನೇರವಾಗಿತ್ತು, ನುಣುಪಾಗಿತ್ತು. 1938ರ ಜನವರಿ 28ರ ಬೆಳಿಗ್ಗೆ ಅದನ್ನು ಸಾರ್ವಜನಿಕರಿಗೆ ಮುಚ್ಚಿಸಿದರು. ಮೊದಲು ಮರ್ಸಿಡಿಸ್ ಕಾರಿನಲ್ಲಿ ರುಡಾಲ್ಫ್ ಕರಾಚಿಯೋಲಾ ಗಂಟೆಗೆ 432.7 ಕಿ.ಮೀ. ಓಡಿಸಿದರು. ಅದನ್ನು ಮೀರಿಸಲು ಆಟೋ ಯೂನಿಯನ್ ಕಂಪನಿಯ ಬರ್ನ್ಡ್ ರೋಸೆಮೆಯರ್ ಹೊರಟರು. ಆಗ ಅವರಿಗೆ 28 ವರ್ಷ. ಯೂರೋಪಿನ ದೊಡ್ಡ ಚಾಲಕರಲ್ಲೊಬ್ಬರು.

ಅಷ್ಟರಲ್ಲಿ ಗಾಳಿ ಎದ್ದಿತ್ತು. ರಸ್ತೆಯ ಪಕ್ಕ ಕಾಡು ಇದ್ದಷ್ಟು ದೂರ ಮರಗಳೇ ಗಾಳಿಯನ್ನು ತಡೆದವು. ಕಾಡು ತೆರೆದುಕೊಂಡ ಒಂದು ಜಾಗದಲ್ಲಿ ಗಾಳಿ ಅಡ್ಡಲಾಗಿ ಬಡಿಯಿತು. ಕಾರು ಹಿಡಿತ ತಪ್ಪಿತು, ರೋಸೆಮೆಯರ್ ಅಲ್ಲೇ ತೀರಿಕೊಂಡರು.

ರಸ್ತೆ ಖಾಲಿ ಇತ್ತು. ಎದುರಿಗೆ ಲಾರಿ ಇರಲಿಲ್ಲ, ದನ ಅಡ್ಡ ಬರಲಿಲ್ಲ. ಚಾಲಕನ ಕೈ ಕಳಪೆಯದಾಗಿರಲಿಲ್ಲ. ಆದರೂ ಸಾಲಲಿಲ್ಲ. ಕರಾಚಿಯೋಲಾ ಆ ದಿನ ಮುಟ್ಟಿದ ವೇಗವನ್ನು ಸಾರ್ವಜನಿಕ ರಸ್ತೆಯೊಂದರಲ್ಲಿ ಮೀರಿಸಲು 2017ರ ತನಕ ಕಾಯಬೇಕಾಯಿತು. ಆಗ ನೆವಾಡಾದ ಮರಳುಗಾಡಿನಲ್ಲಿ ಹೆದ್ದಾರಿಯನ್ನು ಮುಚ್ಚಿಸಿ ಕೊನಿಗ್‌ಸೆಗ್ ಕಂಪನಿ ತನ್ನ ಕಾರನ್ನು ಓಡಿಸಿತು.

ಯುದ್ಧ ಬಿಟ್ಟುಹೋದ ರನ್‌ವೇಗಳು

ಎರಡನೇ ಮಹಾಯುದ್ಧ ಮುಗಿದಾಗ ಜಗತ್ತಿನ ಹಲವೆಡೆ ವಿಮಾನ ಇಳಿಯುವ ಪಟ್ಟಿಗಳು ಕೆಲಸವಿಲ್ಲದೆ ಉಳಿದವು. ಮದ್ರಾಸ್ ಬಳಿಯ ಶೋಲಾವರಂ ರನ್‌ವೇಯಲ್ಲಿ ದಶಕಗಳ ಕಾಲ ಕಾರ್ ರೇಸ್ ನಡೆದದ್ದು ಹೀಗೆಯೇ. ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ ಕಟ್ಟಿ ಓಡಿಸುತ್ತಿದ್ದ ಯುವಕರಿಗೂ ರನ್‌ವೇ ಸಿಕ್ಕಿತು. ಕ್ಯಾಲಿಫೋರ್ನಿಯಾದ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ 1950ರಿಂದ ಕಾಲು ಮೈಲಿ, ಅಂದರೆ ಎರಡು ಫರ್ಲಾಂಗಿನ ಓಟ ಶುರುವಾಯಿತು. ಬೀದಿಯಲ್ಲಿ ಪಂದ್ಯ ಕಟ್ಟಿ ಸಾಯುತ್ತಿದ್ದ ಹುಡುಗರಿಗೆ ನಿಯಮ ಇರುವ ಒಂದು ಜಾಗ ಕೊಡಬೇಕು ಎಂಬ ಯೋಚನೆಯೂ ಇದರ ಹಿಂದೆ ಇತ್ತು.

ಕಾಲು ಮೈಲಿಯಿಂದ ಪೂರ್ತಿ ಮೈಲಿಗೆ ಬಂದದ್ದು ಉದ್ದನೆಯ ಸೇನಾ ರನ್‌ವೇಗಳು ಸಿಕ್ಕ ಮೇಲೆ. ಉತ್ತರ ಕೆರೊಲಿನಾದ ಮ್ಯಾಕ್ಸ್‌ಟನ್, ಮೇನ್ ರಾಜ್ಯದ ಲಾರಿಂಗ್ ಹೀಗೆ ಹೆಸರಾದವು. ಟೆಕ್ಸಾಸ್ ಮೈಲ್ ಎಂಬ ಕೂಟ ಗೋಲಿಯಾಡ್‌ನಲ್ಲಿ ಶುರುವಾಗಿ ಬೀವಿಲ್‌ಗೆ, ಅಲ್ಲಿಂದ ವಿಕ್ಟೋರಿಯಾಕ್ಕೆ ಹೋಯಿತು.

ಆ ವಿಕ್ಟೋರಿಯಾ ರನ್‌ವೇಯಲ್ಲೇ 2019ರ ಮಾರ್ಚ್‌ನಲ್ಲಿ ಒಂದು ಫೋರ್ಡ್ ಜಿಟಿ ಕಾರು ನಿಂತಲ್ಲಿಂದ ಹೊರಟು ಒಂದು ಮೈಲಿಯಲ್ಲಿ 300.4 ಮೈಲಿ ವೇಗ ಮುಟ್ಟಿತು. ನಮ್ಮ ಲೆಕ್ಕದಲ್ಲಿ 483 ಕಿ.ಮೀ. ಕ್ಯಾಂಪ್‌ಬೆಲ್ ಮೈಲಿಗಟ್ಟಲೆ ಓಡಿ ಬಂದು ಮುಟ್ಟಿದ ವೇಗ, 84 ವರ್ಷಗಳ ನಂತರ, ರಸ್ತೆಗೆ ನೋಂದಣಿಯಾಗಬಲ್ಲ ಕಾರಿಗೆ ಎಂಟೇ ಫರ್ಲಾಂಗಿನಲ್ಲಿ ಸಿಕ್ಕಿತು. ಮಂಜುಗಡ್ಡೆಯ ಮೇಲೆ ನೆಗೆಯುತ್ತಾ ಓಡಿದ ಆ ಮನುಷ್ಯನ ಹೆಸರೇ ಈ ಕಾರಿನ ಮೇಲೂ ಇತ್ತು.

ಡ್ರೈವರ್‌ಗೆ ಅಲ್ಲೇನು ಕೆಲಸ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಕಂಪನಿಯಿಂದ ಬಂದಾಗ ಫೋರ್ಡ್ ಜಿಟಿಯ ಶಕ್ತಿ 550 ಎಚ್‌ಪಿ. ನಮ್ಮೂರ 45 ಎಚ್‌ಪಿ ಟ್ರ್ಯಾಕ್ಟರ್ ಹನ್ನೆರಡು ಸೇರಿದಷ್ಟು. ಮೈಲಿ ಓಟಕ್ಕೆ ತಯಾರಾದ ಕಾರಿನಲ್ಲಿ 2,000 ಎಚ್‌ಪಿಗೂ ಹೆಚ್ಚು. ಇಷ್ಟೇಕೆ? ವೇಗ ಹೆಚ್ಚಿದಂತೆ ಎದುರುಗಾಳಿ ಗೋಡೆಯಾಗುತ್ತದೆ. ವೇಗ ಎರಡು ಪಟ್ಟಾದರೆ ಆ ಗಾಳಿಯನ್ನು ಸೀಳಲು ಎಂಟು ಪಟ್ಟು ಶಕ್ತಿ ಬೇಕು.

ಆದರೆ ಆ ಶಕ್ತಿಯೆಲ್ಲ ನೆಲಕ್ಕೆ ಇಳಿಯುವುದು ನಾಲ್ಕು ಅಂಗೈ ಅಗಲದ ಟಯರಿನ ಮೂಲಕ. ಹೊರಡುವಾಗಲೇ ಪೂರ್ತಿ ತುಳಿದರೆ ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರಿನಂತೆ ಚಕ್ರ ಸುಮ್ಮನೆ ತಿರುಗುತ್ತದೆ. ಆದ್ದರಿಂದ ಚಾಲಕ ಮೆಲ್ಲಗೆ ಹೊರಡುತ್ತಾನೆ. ಟರ್ಬೊ ಒತ್ತಡವನ್ನೂ ಮೊದಲ ಗೇರುಗಳಲ್ಲಿ ಕಡಿಮೆ ಇಟ್ಟು, ಮೇಲಿನ ಗೇರುಗಳಲ್ಲಿ ಏರಿಸುವಂತೆ ಹೊಂದಿಸಿರುತ್ತಾರೆ. ಪೆಡಲನ್ನು ತುಳಿಯುವುದಲ್ಲ, ಹಾಲು ಕರೆಯುವ ಕೈ ಹಾಗೆ ಹದವಾಗಿ ಒತ್ತುತ್ತಾ ಹೋಗಬೇಕು. ಇಂಥ ಕಾರಿನಲ್ಲಿ ಗಂಟೆಗೆ 300 ಕಿ.ಮೀ. ದಾಟಿದ ಮೇಲೂ ಚಕ್ರ ಜಾರಬಲ್ಲದು.

ಕೈಯದೂ ಅಷ್ಟೇ. ಸ್ಟೇರಿಂಗ್ ಬಿಗಿಯಾಗಿ ಹಿಡಿದವನು ಹೆದರಿದಾಗ ಎಳೆದುಬಿಡುತ್ತಾನೆ. 483 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 134 ಮೀಟರ್ ಹೋಗುತ್ತದೆ, ಅಂದರೆ ಹತ್ತು ಕಬಡ್ಡಿ ಅಂಕಣಗಳ ಉದ್ದ. ಕೈ ಒಂದು ಬೆರಳಷ್ಟು ತಿರುಗಿದರೂ ಕಾರು ರನ್‌ವೇಯ ಅಂಚಿನಲ್ಲಿರುತ್ತದೆ. ಅದಕ್ಕೇ ಹಿಡಿತ ಸಡಿಲ, ಕಣ್ಣು ಮಾತ್ರ ರನ್‌ವೇಯ ಆ ತುದಿಯಲ್ಲಿ. ಬಾನೆಟ್ ಮುಂದಿನ ನೆಲ ನೋಡಿದರೆ ಏನೂ ಕಾಣದು. ಹೊರಡುವ ಮೊದಲು ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ ನೋಡುತ್ತಾರೆ. ಅಡ್ಡಗಾಳಿ ಜೋರಿದ್ದರೆ ಕಾಯುತ್ತಾರೆ.

ಎಲ್ಲಕ್ಕಿಂತ ಕಷ್ಟದ ಪಾಠ, ಹೆದರಿಕೆಯಾದಾಗ ಕಾಲನ್ನು ಥಟ್ಟನೆ ತೆಗೆಯದಿರುವುದು. ಹಾಗೆ ತೆಗೆದರೆ ಕಾರಿನ ಭಾರವೆಲ್ಲ ಮುಂದಕ್ಕೆ ಬಂದು ಹಿಂಚಕ್ರ ಹಗುರಾಗುತ್ತದೆ, ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಇಳಿಜಾರಿನಲ್ಲಿ ಗಾಬರಿಯಿಂದ ಬ್ರೇಕ್ ಹಾಕಿದ ಟ್ರ್ಯಾಕ್ಟರನ್ನು ಕಬ್ಬು ತುಂಬಿದ ಟ್ರೇಲರ್ ಹಿಂದಿನಿಂದ ತಳ್ಳಿ ಅಡ್ಡ ಹಾಕುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಗೆರೆ ದಾಟಿದ ಮೇಲೂ ಕ್ರಮ ಹೀಗೇ. ಕಾಲನ್ನು ನಿಧಾನ ಎತ್ತಬೇಕು. ಮೊದಲು ಎದುರುಗಾಳಿಯೇ ಕಾರನ್ನು ತಡೆಯಲು ಬಿಡಬೇಕು. ಕಾರು ನೇರವಾಗಿರುವಾಗಲೇ ಪ್ಯಾರಾಚೂಟ್ ಬಿಚ್ಚಬೇಕು, ಅದು ಹಿಂದಿನಿಂದ ಹಗ್ಗ ಕಟ್ಟಿ ಎಳೆದಂತೆ ಕಾರನ್ನು ನೇರ ಇಡುತ್ತದೆ. ಕಾಲಿನ ಬ್ರೇಕ್ ಕೊನೆಗೆ.

ಇದನ್ನು ಯಾರೂ ಒಂದೇ ದಿನದಲ್ಲಿ ಕಲಿಯುವುದಿಲ್ಲ. 1949ರಿಂದ ಬಾನ್‌ವಿಲ್‌ನಲ್ಲಿ ಓಟ ನಡೆಸುತ್ತಿರುವ ಸಂಘ ಹೊಸಬರಿಗೆ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸ್ ಕೊಡುತ್ತದೆ. ಕಡಿಮೆ ವೇಗದಲ್ಲಿ ಸರಿಯಾಗಿ ಓಡಿಸಿ ಸರಿಯಾಗಿ ನಿಲ್ಲಿಸಿದವನಿಗೆ ಮಾತ್ರ ಮುಂದಿನ ಮೆಟ್ಟಿಲು.

ನಿಲ್ಲುವ ಲೆಕ್ಕ

ನಾವೇ ಕಾಗದದ ಮೇಲೆ ಒಂದು ಲೆಕ್ಕ ಮಾಡಿದೆವು. ಗಂಟೆಗೆ 100 ಕಿ.ಮೀ. ವೇಗದ ಕಾರು ಹದವಾದ ಬ್ರೇಕಿಗೆ ಸುಮಾರು 80 ಮೀಟರಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. ಅದೇ ಬ್ರೇಕ್ ಬಲದಲ್ಲಿ 483 ಕಿ.ಮೀ. ವೇಗದ ಕಾರು ನಿಲ್ಲಲು 1,800 ಮೀಟರಿಗೂ ಹೆಚ್ಚು ಬೇಕು. ವೇಗ ಐದು ಪಟ್ಟೂ ಆಗಿಲ್ಲ, ದೂರ ಮಾತ್ರ ಇಪ್ಪತ್ತಮೂರು ಪಟ್ಟು. ಓಡಿದ ಮೈಲಿಗಿಂತ ನಿಲ್ಲುವ ಮೈಲಿ ಉದ್ದ.

ಇದನ್ನು ಬಲ್ಲವರು ಜಾಗವನ್ನು ಆರಿಸುವುದೇ ಹಾಗೆ. 2012ರಲ್ಲಿ ಜಾನಿ ಬೋಮರ್ ಎಂಬವರು ಫೋರ್ಡ್ ಜಿಟಿಯಲ್ಲೇ ಒಂದು ಮೈಲಿಗೆ 455 ಕಿ.ಮೀ. ವೇಗ ಮುಟ್ಟಿ ಗಿನ್ನೆಸ್ ದಾಖಲೆ ಮಾಡಿದ್ದು ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ, ಸ್ಪೇಸ್ ಷಟಲ್ ಇಳಿಯುತ್ತಿದ್ದ ರನ್‌ವೇಯಲ್ಲಿ. ಅದರ ಉದ್ದ 4,572 ಮೀಟರ್. ಓಡಲು ಒಂದು ಮೈಲಿ ಕಳೆದರೆ, ನಿಲ್ಲಲು ಎರಡು ಮೈಲಿಗೆ ಸ್ವಲ್ಪ ಕಡಿಮೆ ಜಾಗ ಉಳಿಯುತ್ತದೆ.

ಜಾಗ ಇದ್ದರೂ ಕೈಕೊಡುವುದುಂಟು. 1964ರ ಅಕ್ಟೋಬರ್ 15ರಂದು ಬಾನ್‌ವಿಲ್‌ನಲ್ಲಿ ಕ್ರೇಗ್ ಬ್ರೀಡ್‌ಲವ್ ಜೆಟ್ ಕಾರಿನಲ್ಲಿ 847 ಕಿ.ಮೀ. ದಾಖಲೆ ಮಾಡಿದರು. ಗೆರೆ ದಾಟಿದ ಮೇಲೆ ಪ್ಯಾರಾಚೂಟ್ ಹರಿದುಹೋಯಿತು, ಬ್ರೇಕ್ ಸುಟ್ಟುಹೋಯಿತು. ಕಾರು ಉಪ್ಪಿನ ಬಯಲನ್ನೂ ದಾಟಿ, ಟೆಲಿಫೋನ್ ಕಂಬಕ್ಕೆ ಬಡಿದು, ಉಪ್ಪುನೀರಿನ ಹೊಂಡಕ್ಕೆ ಬಿತ್ತು. ಬ್ರೀಡ್‌ಲವ್ ಈಜಿಕೊಂಡು ಹೊರಬಂದರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 2013ರ ಜುಲೈ 14ರಂದು ಲಾರಿಂಗ್ ರನ್‌ವೇಯಲ್ಲಿ, ಬೈಕಿನಲ್ಲಿ ಒಂದು ಮೈಲಿಗೆ 300 ಮೈಲಿ ವೇಗ ಮುಟ್ಟಲು ಹೊರಟ ಬಿಲ್ ವಾರ್ನರ್ ಹಿಡಿತ ತಪ್ಪಿ ಜೀವ ಬಿಟ್ಟರು. ಅದೇ ರನ್‌ವೇಯಲ್ಲಿ, ಒಂದೂವರೆ ಮೈಲಿ ದೂರಕ್ಕೆ, ಎರಡು ವರ್ಷ ಮೊದಲು 311 ಮೈಲಿ ವೇಗ ಮುಟ್ಟಿದ್ದವರು ಅವರು.

ಇನ್ನೊಂದು ಘಟನೆ ನಮ್ಮನ್ನು ತುಂಬಾ ಯೋಚನೆಗೆ ಹಚ್ಚಿತು. 2008ರ ಜೂನ್‌ನಲ್ಲಿ ಅಮೆರಿಕದ ಇಂಗ್ಲಿಷ್‌ಟೌನ್‌ನಲ್ಲಿ ಕಾಲು ಮೈಲಿ ಓಟದ ಸ್ಕಾಟ್ ಕಲಿಟ್ಟಾ ಎಂಬ ಅನುಭವಿ ಚಾಲಕ, ಗೆರೆಯಾಚೆ ಕಾರು ನಿಲ್ಲದೆ ಸತ್ತರು. ಕೆಲವೇ ದಿನಗಳಲ್ಲಿ ಓಟದ ಸಂಘ ಅತಿ ವೇಗದ ಕಾರುಗಳ ಓಟವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಿತು. ಅರ್ಧ ಶತಮಾನ ದಾಟಿದ ಸಂಪ್ರದಾಯ ಬಿಟ್ಟು, ಆ 320 ಅಡಿಯನ್ನು ನಿಲ್ಲುವುದಕ್ಕೆ ಕೊಟ್ಟರು.

ಮತ್ತೆ ಟೀ ಅಂಗಡಿ

ಹೋದ ವಾರ ಆ ಹುಡುಗ ಮತ್ತೆ ಸಿಕ್ಕಿದ. ಇಷ್ಟೂ ಕಥೆ ಹೇಳಿದೆವು. ಉಪದೇಶ ಎಂದು ಎದ್ದು ಹೋಗಬಹುದು ಅಂದುಕೊಂಡಿದ್ದೆವು, ಹೋಗಲಿಲ್ಲ. ರೋಸೆಮೆಯರ್ ವಿಷಯವನ್ನು ಎರಡು ಸಲ ಕೇಳಿದ. ಆಮೇಲೆ ಬೈಪಾಸ್ ಕಡೆ ತಿರುಗಿ ನೋಡಿದ. ಬಲಕ್ಕೆ ಸರ್ವಿಸ್ ರಸ್ತೆ ಬಂದು ಸೇರುವ ಜಾಗ. ಅದರಾಚೆ ಡಿವೈಡರ್ ಒಡೆದು ಜನ ದಾಟುವ ಸಂದು. ಮೇವಿನ ಹೊರೆ ಹೊತ್ತ ಹೆಂಗಸರಿಬ್ಬರು ಅಲ್ಲಿ ನಿಂತಿದ್ದರು.

"ಹಂಗಾದ್ರೆ ನನ್ನ ಬೈಕು ನೂರಿಪ್ಪತ್ತರಲ್ಲಿ ಹೋದ್ರೆ?" ಎಂದ.

ಲೆಕ್ಕ ಹೇಳಿದೆವು. 120ರಲ್ಲಿ ಬೈಕ್ ಸೆಕೆಂಡಿಗೆ 33 ಮೀಟರ್ ಹೋಗುತ್ತದೆ. ಕಂಡದ್ದು ತಲೆಗೆ ಹೋಗಿ ಕೈ ಬ್ರೇಕ್ ಹಿಡಿಯುವುದರೊಳಗೆ ಅಷ್ಟು ದೂರ ಮುಗಿದಿರುತ್ತದೆ. ಅಲ್ಲಿಂದಾಚೆ ನಿಲ್ಲಲು 60ರ ವೇಗಕ್ಕಿಂತ ನಾಲ್ಕು ಪಟ್ಟು ಜಾಗ ಬೇಕು. ಅವನು ಅಂಗಡಿಯಿಂದ ಆ ಸಂದಿನವರೆಗೆ ಹೆಜ್ಜೆ ಹಾಕಿ ಎಣಿಸಿಕೊಂಡು ಬಂದ. ಎಷ್ಟಾಯಿತು ಎಂದು ಹೇಳಲಿಲ್ಲ. ಟೀ ದುಡ್ಡು ಅವನೇ ಕೊಟ್ಟು, ಬೈಕ್ ಹತ್ತಿ ಸರ್ವಿಸ್ ರಸ್ತೆಯಲ್ಲೇ ಊರ ಕಡೆ ಹೋದ.

ನಮ್ಮ ಮಟ್ಟಿಗೆ ಒಂದು ತೀರ್ಮಾನ ಮಾಡಿಕೊಂಡಿದ್ದೇವೆ. ಇನ್ನು ಮುಂದೆ ಅಪಘಾತದ ವರದಿಯಲ್ಲಿ "ಅತಿವೇಗವೇ ಕಾರಣ" ಎಂದು ಬರೆದು ಸುಮ್ಮನಾಗುವುದಿಲ್ಲ. ಅಲ್ಲಿ ನಿಲ್ಲಲು ಎಷ್ಟು ಜಾಗ ಇತ್ತು ಎಂದು ಅಳೆದು ಅದನ್ನೂ ಬರೆಯುತ್ತೇವೆ.